ಮಗಳಿಗೊಂದು ಸಣ್ಣ ಕೋವಿ

ನಮ್ಮ ಕಡೆ ಕೋವಿ ಅಂದರೆ ಹಂದಿ. ಕೋವಿಯ ಮಾತೆತ್ತಿದ ಕೂಡಲೇ ಯಾರ ತೋಟಕ್ಕೆ ಬಂದಿತ್ತು, ಒಂಟಿಯೋ ಹಿಂಡೋ, ಎಷ್ಟು ಅಡಿಕೆ ಸಸಿ ಹೋಯಿತು ಅಂತಲೇ ಕೇಳುತ್ತಾರೆ. ಗುರಿ ಎನ್ನುವುದು ನಾಲ್ಕು ಕಾಲಿನ ಮೇಲೆ ಓಡುವಂಥದ್ದು. ಗೋಡೆಗೆ ಅಂಟಿಸಿದ ಕಾಗದದ ಚೂರಿಗೂ ಗುರಿಯಿಟ್ಟು ಹೊಡೆಯುತ್ತಾರೆ, ಅದಕ್ಕೆ ಮೆಡಲ್ ಕೊಡುತ್ತಾರೆ ಎಂದರೆ ತರೀಕೆರೆಯ ಹಳೆಯ ಕುಳಗಳಿಗೆ ಈಗಲೂ ನಗು. ಕಾಗದಕ್ಕೆ ಹೊಡೆದು ತಿನ್ನೋದೇನು ಸ್ವಾಮಿ?

ಲಕ್ಕವಳ್ಳಿ, ಲಿಂಗದಹಳ್ಳಿ ಕಡೆಯ ಕೆಲವು ತೋಟದ ಮನೆಗಳಲ್ಲಿ ಅಜ್ಜನ ಕಾಲದ ಒಂಟಿನಳಿಗೆ ಕೋವಿಯೊಂದು ಉಳಿದಿರುತ್ತದೆ. ಬೆಳೆ ರಕ್ಷಣೆಗೆಂದು ಲೈಸೆನ್ಸು. ಅದು ಹೊಸಿಲು ದಾಟುವುದು ಹೆಚ್ಚಾಗಿ ಚುನಾವಣೆ ಬಂದಾಗ. ನೀತಿಸಂಹಿತೆ ಜಾರಿಯಾದರೆ ಠಾಣೆಗೆ ಒಯ್ದು ಠೇವಣಿ ಇಟ್ಟು ರಸೀದಿ ತರಬೇಕು, ಮುಗಿದ ಮೇಲೆ ಬಿಡಿಸಿಕೊಂಡು ಬರಬೇಕು. ಪಂಚಾಯಿತಿ, ವಿಧಾನಸಭೆ, ಲೋಕಸಭೆ ಎಲ್ಲ ಒಂದರ ಬೆನ್ನಿಗೊಂದು ಬಂದ ವರ್ಷವಂತೂ ಕೋವಿಗೆ ಠಾಣೆಯೇ ಮನೆ. ಹಂದಿಗಳಿಗೆ ಚುನಾವಣಾ ಆಯೋಗದ ವೇಳಾಪಟ್ಟಿ ಮೊದಲೇ ಗೊತ್ತಿರುತ್ತದೆ ಎಂದು ರೈತರು ಗೊಣಗುತ್ತಾರೆ.

ಕಡೂರು ಬಯಲಿನ ಕತೆ ಬೇರೆ. ಅಲ್ಲಿ ಮಕ್ಕಳು ಮೊದಲು ಮುಟ್ಟುವ ಬಂದೂಕು ಜಾತ್ರೆಯ ಬಲೂನು ಅಂಗಡಿಯದು. ಬೀರೂರಿನ ಮೈಲಾರಲಿಂಗಸ್ವಾಮಿಯ ಕಾರ್ಣಿಕದ ಹೊತ್ತಿಗೆ, ಅಂತರಘಟ್ಟೆ ದುರ್ಗಾಂಬೆಯ ಜಾತ್ರೆಗೆ ಪಾನಕದ ಗಾಡಿಗಳು ಧೂಳೆಬ್ಬಿಸಿಕೊಂಡು ಬರುವ ಹೊತ್ತಿಗೆ, ಬೆಂಡು ಬತ್ತಾಸಿನ ಸಾಲಿನ ತುದಿಯಲ್ಲಿ ಈ ಅಂಗಡಿ ಇದ್ದೇ ಇರುತ್ತದೆ. ಹಲಗೆಗೆ ಕೆಂಪು, ಹಳದಿ, ನೀಲಿ ಬಲೂನುಗಳ ಸಾಲು, ಮುಂದೊಂದು ಮೇಜು, ಮೇಜಿನ ಮೇಲೆ ತಂತಿ ಸುತ್ತಿ ರಿಪೇರಿ ಮಾಡಿದ ಏರ್‌ಗನ್ನು. ಅದರ ಗುರಿಮೊನೆ ಒಂದು ಕಡೆ ವಾಲಿರುತ್ತದೆ. ವಾಲಿದೆ ಎಂದು ಅಂಗಡಿಯವನಿಗೂ ಗೊತ್ತು, ಹತ್ತು ವರ್ಷ ಅದೇ ಜಾತ್ರೆಗೆ ಬಂದವರಿಗೂ ಗೊತ್ತು. ಕೆಂಪು ಬಲೂನು ಬೇಕಾದವರು ಅದರ ಪಕ್ಕದ ಹಳದಿಗೆ ಗುರಿ ಇಡುತ್ತಾರೆ.

ಇನ್ನು ಅಜ್ಜಂಪುರ. ಅಲ್ಲಿಯವರು ಬಂದೂಕಿನ ವಿಷಯದಲ್ಲೂ ದನದ ಮಾತನ್ನೇ ಆಡುತ್ತಾರೆ, ಆಡಲು ಹಕ್ಕೂ ಇದೆ. ಹೈದರ್, ಟಿಪ್ಪುವಿನ ಫಿರಂಗಿಗಳನ್ನು ಎಳೆದದ್ದು ಅಮೃತಮಹಲ್ ಎತ್ತುಗಳು. ಆ ತಳಿಯನ್ನು ಕಾಯುವ ಕೇಂದ್ರ ಇಂದಿಗೂ ಅಜ್ಜಂಪುರದಲ್ಲಿದೆ.

ಈ ಮೂರೂ ಊರುಗಳ ಹೈಸ್ಕೂಲುಗಳಲ್ಲಿ ಪಾಠ ಹೇಳಿ, ಜತೆಗೆ ಎನ್‌ಸಿಸಿಯನ್ನೂ ನೋಡಿಕೊಂಡು ನಿವೃತ್ತನಾದವನು ನಾನು. ಹೀಗಾಗಿ ಜನ ನನ್ನನ್ನು ಬಂದೂಕಿನ ವಿಷಯದಲ್ಲಿ ಪಂಡಿತ ಅಂದುಕೊಂಡಿದ್ದಾರೆ. ಹೊಸ ಪಂಪ್‌ಸೆಟ್ಟು ತರುವವರು ಮೆಕ್ಯಾನಿಕ್ಕನ್ನು ಕೇಳುವ ಹಾಗೆ, ಮಕ್ಕಳಿಗೆ ಶೂಟಿಂಗ್ ಹುಚ್ಚು ಹತ್ತಿದರೆ ನಮ್ಮ ಮನೆಗೆ ಕರೆತರುತ್ತಾರೆ. ಹೋದ ಬೇಸಿಗೆಯಲ್ಲಿ ಹಾಗೆ ಬಂದವನು ನನ್ನ ಹಳೆಯ ವಿದ್ಯಾರ್ಥಿ. ತರೀಕೆರೆ ಹತ್ತಿರ ಅಡಿಕೆ ತೋಟ. ಕೈಯಲ್ಲಿ ಬಾಳೆಗೊನೆ, ಬೆನ್ನ ಹಿಂದೆ ಒಂಬತ್ತನೇ ಕ್ಲಾಸು ಮುಗಿಸಿದ ಮಗಳು.

‘ಸಾರ್, ಇವಳು ಎನ್‌ಸಿಸಿ ಕ್ಯಾಂಪಿಂದ ಬಂದಾಗಿಂದ ಒಂದೇ ಹಟ. ಫೈರಿಂಗಲ್ಲಿ ಫಸ್ಟ್ ಬಂದ್ಲಂತೆ. ಒಂದು ಸಣ್ಣ ಕೋವಿ ಕೊಡಿಸಿಬಿಡೋಣ ಅಂತ. ಯಾವುದು ತಗೊಳ್ಳೋದು, ನೀವೇ ಹೇಳಿ.’

ಹುಡುಗಿ ತಲೆ ತಗ್ಗಿಸಿ ಕಾಲ್ಬೆರಳಲ್ಲಿ ನೆಲ ಕೆರೆಯುತ್ತಿದ್ದಳು. ‘ಎಷ್ಟು ಬಂತಮ್ಮ ಗ್ರೂಪಿಂಗು?’ ಎಂದೆ. ತಲೆ ಎತ್ತಿ ಬೆರಳು ಬಳಸಿ ತೋರಿಸಿದಳು: ಐದು ಗುಂಡು, ಎಲ್ಲ ಒಂದು ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ದೊಡ್ಡ ಜಾಗದಲ್ಲಿ. ಕರಿಯ ಬೊಟ್ಟಿನಿಂದ ದೂರವೇ ಬಿದ್ದಿವೆ ಸಾರ್, ಎಡಗಡೆ ಕೆಳಗೆ, ಎಂದು ತಾನೇ ಸೇರಿಸಿದಳು. ನನಗೆ ಅಲ್ಲೇ ಅರ್ಧ ಉತ್ತರ ಸಿಕ್ಕಿತು. ಗುಂಡುಗಳು ನಡುವೆ ಬೀಳದಿದ್ದರೂ ಒಂದೇ ಕಡೆ ಬಿದ್ದರೆ ಮಗುವಿನ ಕೈ ಸರಿಯಿದೆ ಎಂದರ್ಥ; ನಡುವಿಗೆ ತರುವುದು ಸ್ಕ್ರೂ ತಿರುಗಿಸುವ ಕೆಲಸ.

ಎನ್‌ಸಿಸಿಯ ಫೈರಿಂಗ್ ನೋಡದವರಿಗೆ ಸ್ವಲ್ಪ ಹೇಳಬೇಕು. ಸಂಸ್ಥೆ ಶುರುವಾದದ್ದು 1948ರಲ್ಲಿ. ನಮ್ಮ ತಾಲ್ಲೂಕುಗಳ ಎಷ್ಟೋ ಮಕ್ಕಳು ನಿಜವಾದ ರೈಫಲ್ ಕಂಡದ್ದು ಅದರ ದೆಸೆಯಿಂದ. ಅದೇ ಪಾಯಿಂಟ್ ಟೂ ಟೂ. ಅದರ ಗುಂಡಿನ ಅಡ್ಡಳತೆ 5.6 ಮಿಲಿಮೀಟರ್, ತೂಕ ಎರಡೂವರೆ ಗ್ರಾಂ ಚಿಲ್ಲರೆ ಸೀಸ. ದಿಬ್ಬದ ಮುಂದೆ ಟಾರ್ಗೆಟ್ ನೆಟ್ಟು, ಕೆಂಪು ಬಾವುಟ ಏರಿಸಿ, ಇಪ್ಪತ್ತೈದು ಮೀಟರ್ ದೂರದಲ್ಲಿ ಗ್ರೌಂಡ್‌ಶೀಟ್ ಹಾಸಿ ಮಕ್ಕಳನ್ನು ಬೋರಲು ಮಲಗಿಸುತ್ತಾರೆ. ಹವಾಲ್ದಾರರ ಹಿಂದಿ ಅಪ್ಪಣೆ: ಭರ್! ತಾಮ್ರದ ಬಣ್ಣದ ಪುಟ್ಟ ತೋಟಾ ಒಳಗೆ ಹೋಗುತ್ತದೆ, ಬೋಲ್ಟ್ ಮುಚ್ಚುತ್ತದೆ, ಒಂದು ಕ್ಷಣ ಇಡೀ ಮೈದಾನದಲ್ಲಿ ಕೆಮ್ಮಿನ ಸದ್ದೂ ಇಲ್ಲ. ಟಪ್ ಎಂದು ಒಣಕಡ್ಡಿ ಮುರಿದಷ್ಟೇ ಶಬ್ದ. ಸುಟ್ಟ ಮದ್ದಿನ ಕಟು ವಾಸನೆ ಮೂಗಿಗೆ ಬರುವುದು ಆಮೇಲೆ.

ಹೊಡೆಯುವುದಕ್ಕಿಂತ ಆಮೇಲಿನ ಕೆಲಸವೇ ದೊಡ್ಡದು. ಖಾಲಿ ಕೊಳವೆಗಳನ್ನು ಖೋಕಾ ಎನ್ನುತ್ತಾರೆ. ಎಷ್ಟು ಗುಂಡು ಕೊಟ್ಟಿದ್ದರೋ ಅಷ್ಟು ಖೋಕಾ ಎಣಿಸಿ ವಾಪಸು ಒಪ್ಪಿಸಬೇಕು. ಒಂದು ಕಮ್ಮಿಯಾದರೆ ಆ ದಿನದ ಪೂರಿ ಪಲ್ಯ ತಣ್ಣಗಾದ ಹಾಗೇ. ಕೆಡೆಟ್ಟುಗಳು, ಹವಾಲ್ದಾರ್, ಮೇಷ್ಟ್ರು ಎಲ್ಲರೂ ಸಾಲಾಗಿ ಮಂಡಿಯೂರಿ ಹುಲ್ಲಿನಲ್ಲಿ ಬೆರಳಾಡಿಸುತ್ತಾ ಮುಂದೆ ಸರಿಯಬೇಕು. ಸುಡುಬಿಸಿಲಲ್ಲಿ ಅರ್ಧ ಇಂಚು ಚಿಲ್ಲರೆ ಉದ್ದದ ಹಿತ್ತಾಳೆ ಚೂರಿಗಾಗಿ ಅಷ್ಟು ಜನ ನೆಲ ಸೋಸುವುದನ್ನು ಕಂಡ ಹುಡುಗ ಮುಂದೆಂದೂ ಗುಂಡನ್ನು ಜೇಬಿಗೆ ಹಾಕಿಕೊಂಡು ಮನೆಗೆ ಹೋಗುವುದಿಲ್ಲ. ಬಂದೂಕಿನ ಮೊದಲ ಪಾಠವನ್ನು ಇದಕ್ಕಿಂತ ಚೆನ್ನಾಗಿ ಹೇಳಿಕೊಡುವ ಪುಸ್ತಕ ನಾನು ಕಂಡಿಲ್ಲ.

ಹುಡುಗಿ ಇಷ್ಟನ್ನು ಕಲಿತು ಬಂದಿದ್ದಳು. ತೊಂದರೆ ಮನೆಯವರದ್ದು. ಅಷ್ಟರಲ್ಲಾಗಲೇ ಸಲಹೆ ಕೊಡುವವರು ಸೇರಿಬಿಟ್ಟಿದ್ದರು. ಅಜ್ಜನ ಹನ್ನೆರಡು ಬೋರಿನ ಕೋವಿಯೇ ಇದೆಯಲ್ಲ, ಅದರಲ್ಲೇ ಕಲಿಯಲಿ ಎಂದದ್ದು ದೊಡ್ಡಪ್ಪ. ಅದರ ಒದೆಗೆ ದೊಡ್ಡವರ ಹೆಗಲೇ ಕಂದುತ್ತದೆ. ಹದಿನಾಲ್ಕರ ಮಗು ಒಂದು ಸಲ ಹೊಡೆದರೆ ಎರಡನೇ ಸಲ ಕುದುರೆ, ಅಂದರೆ ಟ್ರಿಗರ್, ಎಳೆಯುವ ಮೊದಲೇ ಕಣ್ಣು ಮುಚ್ಚುತ್ತದೆ. ಆ ಕಣ್ಣುಮುಚ್ಚುವ ಅಭ್ಯಾಸ ಬಿಡಿಸಲು ಆಮೇಲೆ ವರ್ಷಗಟ್ಟಲೆ ಬೇಕು. ದೊಡ್ಡಪ್ಪನ ಮಾತು ಅಲ್ಲಿಗೆ ಮುಗಿಯಿತು.

ಲಕ್ಕವಳ್ಳಿಯ ಸೋದರಮಾವನದು ಬೇರೆ ರಾಗ. ಅವರು ಕೆನೆತ್ ಆಂಡರ್ಸನ್ ಓದಿದವರು, ಅಂದರೆ ಪೂರ್ಣಚಂದ್ರ ತೇಜಸ್ವಿಯವರು ‘ಕಾಡಿನ ಕಥೆಗಳು’ ಎಂದು ಕನ್ನಡಕ್ಕೆ ತಂದದ್ದನ್ನು ಓದಿದವರು. ನಮ್ಮ ಭಾಗದವರಿಗೆ ಆಂಡರ್ಸನ್ ಎಂದರೆ ನೆಂಟನಿದ್ದಂತೆ. ಕಡೂರು ತಾಲ್ಲೂಕಿನ ಎಮ್ಮೆದೊಡ್ಡಿಯ ನರಭಕ್ಷಕ ಹುಲಿಯ ಕತೆ 1954ರ ಅವನ ಮೊದಲ ಪುಸ್ತಕದಲ್ಲೇ ಇದೆ. ಅವನ ಕೈಯಲ್ಲಿದ್ದದ್ದು .405 ವಿಂಚೆಸ್ಟರ್, ಅದನ್ನು ಹುಡುಗಿಗೆ ಕೊಡಿಸಿ ಅನ್ನಲು ಮಾವನಿಗೂ ಧೈರ್ಯ ಸಾಲದೆ, ‘ಪಾಯಿಂಟ್ ಟೂ ಟೂನೇ ತಗೊಳ್ಳಿ ಭಾವ. ಒದೆಯೂ ಇಲ್ಲ, ಸದ್ದೂ ಇಲ್ಲ’ ಎಂದಿದ್ದರಂತೆ. ಒದೆ ಇಲ್ಲದಿದ್ದರೆ ಒಳ್ಳೆಯದೇ. ಸದ್ದಿಲ್ಲದಿರುವುದು ಯಾರಿಗೆ ಬೇಕು? ಕಾಗದದ ಗುರಿ ಸದ್ದಿಗೆ ಬೆದರಿ ಓಡಿಹೋಗುವುದಿಲ್ಲವಲ್ಲ. 1972ರ ವನ್ಯಜೀವಿ ಕಾಯ್ದೆ ಬಂದು ಎಷ್ಟು ಕಾಲವಾಯಿತು, ಪಕ್ಕದ ಭದ್ರಾ ಹುಲಿ ಮೀಸಲು ಪ್ರದೇಶವಾಗಿ ಎಷ್ಟು ವರ್ಷವಾಯಿತು. ಆದರೂ ಮಾವಂದಿರ ಮಾತಿನಲ್ಲಿ ಕಾಡುಕುರಿ ಇನ್ನೂ ಮೇಯುತ್ತಲೇ ಇರುತ್ತದೆ. ಶೂಟಿಂಗ್ ಕಲಿಯುವ ಮಗುವನ್ನು ಇಂಥ ಮಾವನಿಂದ ದೂರ ಇಡಬೇಕು ಎಂದು ನೇರವಾಗಿಯೇ ಹೇಳಿದೆ. ಅಪ್ಪ ನಕ್ಕ. ಹುಡುಗಿ ನಗಲಿಲ್ಲ, ಅವಳಿಗೆ ಮಾವನೆಂದರೆ ಪ್ರಾಣ.

ಕಾನೂನೇನು ಹೇಳುತ್ತದೆ ಎಂದು ವಿವರಿಸಿದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಸ್ವಂತ ಹೆಸರಿಗೆ ಮಾಮೂಲಿ ಲೈಸೆನ್ಸು ಸಿಗುವುದು 21 ತುಂಬಿದ ಮೇಲೆ. ಕಿರಿಯ ಶೂಟರುಗಳಿಗೆಂದು 2016ರ ನಿಯಮಗಳಲ್ಲಿ ದಾರಿ ಬಿಟ್ಟಿದ್ದಾರೆ: 12 ತುಂಬಿದ ಮಕ್ಕಳು ಕ್ಲಬ್ಬು, ಅಸೋಸಿಯೇಷನ್ನುಗಳ ಹದ್ದುಬಸ್ತಿನಲ್ಲಿ ತರಬೇತಿ ಪಡೆಯಬಹುದು. ಪಾಯಿಂಟ್ ಟೂ ಟೂ ಎಷ್ಟೇ ಸಣ್ಣದಿರಲಿ, ಕಾನೂನಿನ ಕಣ್ಣಿಗೆ ಅದು ಬಂದೂಕೇ. ಅರ್ಜಿ, ಪೊಲೀಸ್ ವರದಿ, ಜಿಲ್ಲಾಧಿಕಾರಿಯ ಸಹಿ ಎಲ್ಲವೂ ಬೇಕು. ಏರ್‌ರೈಫಲ್‌ನ ದಾರಿ ಸುಲಭ. ಪಂದ್ಯಗಳಲ್ಲಿ ಬಳಸುವ 4.5 ಮಿಲಿಮೀಟರಿನ, 20 ಜೂಲ್ ಶಕ್ತಿ ಮೀರದ ಏರ್‌ರೈಫಲ್ಲಿಗೆ ಲೈಸೆನ್ಸ್ ಬೇಡ. ಗುರುತಿನ ಚೀಟಿ ತೋರಿಸಿ ದೊಡ್ಡವರು ಕೊಳ್ಳಬಹುದು.

‘ಕೊಡಗಿನವರಿಗೆ ಲೈಸೆನ್ಸೇ ಬೇಡವಂತಲ್ಲ ಸಾರ್?’

ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿ ಅದು. 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ, ಅಂದರೆ 2029ರವರೆಗೆ ಮುಂದುವರಿಸಿದ್ದಾರೆ. ನಮಗೆ ಆ ಭಾಗ್ಯವಿಲ್ಲ. ಚಿಕ್ಕಮಗಳೂರು ಜಿಲ್ಲೆಯನ್ನು 1947ರವರೆಗೆ ಕಡೂರು ಜಿಲ್ಲೆ ಎಂದೇ ಕರೆಯುತ್ತಿದ್ದರು ಎಂಬ ಹೆಮ್ಮೆಯೊಂದು ಬಿಟ್ಟರೆ ಸರ್ಕಾರ ಕಡೂರಿನವರಿಗೆ ವಿಶೇಷವಾಗಿ ಕೊಟ್ಟದ್ದೇನೂ ಇಲ್ಲ, ಆ ಹೆಸರನ್ನೂ ವಾಪಸು ತೆಗೆದುಕೊಂಡಿತು.

ಅಂತೂ ಏರ್‌ರೈಫಲ್ ಎಂದು ತೀರ್ಮಾನವಾಯಿತು. ‘ಹಾಗಾದ್ರೆ ಒಂದು ದೊಡ್ಡದೇ ತಗೊಳ್ತೀನಿ ಸಾರ್, ಬೆಳೆಯೋ ಮಗು’ ಎಂದ ಅಪ್ಪ.

ನಮ್ಮ ಅಪ್ಪಂದಿರೆಲ್ಲ ಇಲ್ಲೇ ಎಡವುವುದು. ಜೂನ್ ತಿಂಗಳಲ್ಲಿ ಯೂನಿಫಾರಂ ಹೊಲಿಸುವಾಗ ಎರಡಿಂಚು ಮಡಿಕೆ ಬಿಟ್ಟು ಹೊಲಿಸಿದ ಹಾಗೆ ರೈಫಲ್ಲನ್ನೂ ಕೊಡಿಸಲು ಬರುವುದಿಲ್ಲ. ಬಂದೂಕಿನ ಹಿಡಿ ಉದ್ದವಾದರೆ ಮಗು ಅದನ್ನು ತೂಗಲಾರದೆ ಬೆನ್ನು ಹಿಂದಕ್ಕೆ ಬಾಗಿಸುತ್ತದೆ, ಕುತ್ತಿಗೆ ಮುಂದಕ್ಕೆ ಚಾಚುತ್ತದೆ, ಎಡಗೈ ನಡುಗುತ್ತದೆ. ಒಂದು ವರ್ಷ ಹಾಗೆ ನಿಂತರೆ ಆ ನಿಲುವೇ ಮೈಗೆ ಹತ್ತುತ್ತದೆ. ನಾನು ನೋಡುವ ಅಳತೆ ಸರಳ. ಹಿಡಿಯ ಹಿಂಬದಿಯನ್ನು ಮೊಣಕೈ ಮಡಿಕೆಗೆ ಒತ್ತಿ ಹಿಡಿದರೆ ತೋರುಬೆರಳಿನ ಮೊದಲ ಗೆಣ್ಣು ಕುದುರೆಗೆ ಸರಾಗವಾಗಿ ತಾಗಬೇಕು. ನಮ್ಮನೆಯ ಹಳೆಯ ಏರ್‌ರೈಫಲ್ಲನ್ನು ಅವಳ ಕೈಗೆ ಕೊಟ್ಟು ನೋಡಿದೆ. ಬೆರಳು ಕುದುರೆಗೆ ಎರಡಂಗುಲ ಹಿಂದೆಯೇ ನಿಂತಿತು. ಅಪ್ಪ ಸುಮ್ಮನಾದ. ಹಿಂಬದಿಯ ತಟ್ಟೆಯನ್ನು ಸರಿಸಿ ಉದ್ದ ಗಿಡ್ಡ ಮಾಡಬಹುದಾದ ರೈಫಲ್ಲುಗಳಿವೆ. ಮಗು ಬೆಳೆಯುತ್ತದೆ ಎನ್ನುವವರು ಅಂಥದ್ದಕ್ಕೆ ಸ್ವಲ್ಪ ಹೆಚ್ಚು ದುಡ್ಡು ಕೊಡಲಿ.

ತೂಕವನ್ನೂ ನೋಡಬೇಕು. ಪಂದ್ಯದ ಏರ್‌ರೈಫಲ್ 5.5 ಕಿಲೋ ಮೀರಬಾರದು ಎಂದು ನಿಯಮ. ಆದರೆ ಅಷ್ಟು ಭಾರವನ್ನು ಅರವತ್ತು ಗುಂಡು ಮುಗಿಯುವವರೆಗೆ ಎತ್ತಿ ಇಳಿಸುವುದು ಈ ವಯಸ್ಸಿಗೆ ಹೊರೆ. ಇನ್ನು ನಳಿಗೆ ಮುರಿದು ಸ್ಪ್ರಿಂಗ್ ಒತ್ತಿ ತುಂಬುವ ಅಗ್ಗದ ಏರ್‌ಗನ್ನುಗಳಿಗೆ ತೋಳಿನ ಕಸುವು ಬೇಕು, ಹೊಡೆದಾಗ ಸ್ಪ್ರಿಂಗ್ ಹಿಂದಕ್ಕೂ ಮುಂದಕ್ಕೂ ಜಗ್ಗುತ್ತದೆ. ಹಿಂಡಿದ ಗಾಳಿಯ ಸಿಲಿಂಡರ್ ಇರುವ ರೈಫಲ್ ಹೂವಿನಷ್ಟು ಮೆದು, ಬೆಲೆ ಮಾತ್ರ ಮೆದುವಲ್ಲ. ಜರ್ಮನಿಯ ಫೈನ್‌ವೆರ್ಕ್‌ಬೌ, ವಾಲ್ಟರ್, ಆನ್‌ಶುಟ್ಸ್ ಎಂಬ ಹೆಸರುಗಳನ್ನು ಹುಡುಗಿ ಮೊಬೈಲಿನಲ್ಲಿ ನೋಡಿ ಬಾಯಿಪಾಠ ಮಾಡಿಕೊಂಡು ಬಂದಿದ್ದಳು. ಅವುಗಳ ಲೆಕ್ಕ ಲಕ್ಷಗಳಲ್ಲಿ. ಪ್ರೆಸಿಹೋಲ್‌ನಂಥ ನಮ್ಮ ದೇಶದ ಕಂಪನಿಗಳೂ ಈಗ ಕಲಿಯುವವರಿಗೆ ಸಾಲುವಂಥ ರೈಫಲ್ ಮಾಡುತ್ತಿವೆ.

ದುಡ್ಡಿನ ಮಾತು ಬಂದಾಗ ಅಪ್ಪ ಗಗನ್ ನಾರಂಗ್ ಹೆಸರೆತ್ತಿದ. ಮಗನ ರೈಫಲ್ಲಿಗಾಗಿ ಅವರಪ್ಪ ಜಾಗ ಮಾರಿದ್ದರು, ಮಗ 2012ರ ಲಂಡನ್ ಒಲಿಂಪಿಕ್ಸಿನಲ್ಲಿ ಕಂಚು ತಂದ. ‘ನಾನೂ ಒಂದು ಎಕರೆ ತೆಗೀತೀನಿ ಸಾರ್, ಅದಕ್ಕೇನು?’ ನನಗೆ ಭಯವಾದದ್ದು ಈ ಮಾತಿಗೆ. ಮಾರಿದವರ ಪೈಕಿ ಗೆದ್ದವರ ಕತೆಯಷ್ಟೇ ಪೇಪರಿಗೆ ಬರುತ್ತದೆ. ಇನ್ನೊಂದು ಕತೆ ನಮಗೆ ಹತ್ತಿರದ್ದು. ಕೊಲ್ಹಾಪುರ ಜಿಲ್ಲೆಯ ಕಂಬಳವಾಡಿಯ ಸ್ವಪ್ನಿಲ್ ಕುಸಾಳೆ ಮೇಷ್ಟ್ರ ಮಗ, ರೈಲ್ವೆಯಲ್ಲಿ ಟಿಕೆಟ್ ತಪಾಸಣೆಯ ಕೆಲಸದಲ್ಲಿದ್ದವನು. 2024ರ ಆಗಸ್ಟ್ 1ರಂದು ಪ್ಯಾರಿಸ್ಸಿನಲ್ಲಿ 50 ಮೀಟರ್ ರೈಫಲ್ ಮೂರು ಭಂಗಿಯ ಪಂದ್ಯದಲ್ಲಿ ಕಂಚು ಗೆದ್ದ. ಅದು ಇದೇ ಪಾಯಿಂಟ್ ಟೂ ಟೂ ಪಂದ್ಯ. ಅದರಲ್ಲಿ ಭಾರತಕ್ಕೆ ಬಂದ ಮೊದಲ ಒಲಿಂಪಿಕ್ ಪದಕ. ಅವನು ಕಲಿತದ್ದು ಮಹಾರಾಷ್ಟ್ರ ಸರ್ಕಾರದ ಕ್ರೀಡಾ ಶಾಲೆಯಲ್ಲಿ. ನಮ್ಮ ಬೆಂಗಳೂರಿನ ತಿಲೋತ್ತಮಾ ಸೇನ್ ಹದಿನೈದರ ಹರೆಯದಲ್ಲೇ, 2023ರಲ್ಲಿ, ಏರ್‌ರೈಫಲ್ಲಿನಲ್ಲಿ ದೇಶಕ್ಕೆ ಒಲಿಂಪಿಕ್ ಕೋಟಾ ಗೆದ್ದುಕೊಟ್ಟಳು. ಆ ಹೆಸರು ಕೇಳಿದ್ದೇ ಹುಡುಗಿಯ ಬೆನ್ನು ನೆಟ್ಟಗಾಯಿತು, ಅವಳಿಗೆ ಅದು ಮೊದಲೇ ಗೊತ್ತಿತ್ತು.

ಜಮೀನು ಮಾರುವ ಮೊದಲು ಕಣ್ಣು ನೋಡೋಣ ಎಂದೆ. ಎರಡೂ ಅಂಗೈ ಚಾಚಿ ಹೆಬ್ಬೆರಳ ಸಂದಿಯಲ್ಲಿ ಸಣ್ಣ ಕಿಂಡಿ ಮಾಡಿ ಎದುರಿನ ಕ್ಯಾಲೆಂಡರಿನ ಒಂದು ತಾರೀಖನ್ನು ನೋಡಲು ಹೇಳಿದೆ. ಎರಡೂ ಕಣ್ಣು ತೆರೆದಿರಬೇಕು. ಆಮೇಲೆ ಒಂದೊಂದೇ ಕಣ್ಣು ಮುಚ್ಚಬೇಕು. ಯಾವ ಕಣ್ಣು ತೆರೆದಾಗ ತಾರೀಖು ಕಿಂಡಿಯಲ್ಲೇ ಉಳಿಯುತ್ತದೋ ಅದೇ ಬಲವಾದ ಕಣ್ಣು. ಹುಡುಗಿ ಬರೆಯುವುದು, ಊಟ ಮಾಡುವುದು ಎಲ್ಲ ಬಲಗೈಯಲ್ಲಿ. ತಾರೀಖು ಉಳಿದದ್ದು ಎಡಗಣ್ಣಿಗೆ. ಎನ್‌ಸಿಸಿಯಲ್ಲಿ ಗುಂಡುಗಳು ಎಡಕ್ಕೆ ಹೋದದ್ದಕ್ಕೆ ಇದೂ ಒಂದು ಕಾರಣವಿದ್ದೀತು. ಇಂಥವರು ಎಡಹೆಗಲಿನಿಂದ ಹೊಡೆಯಲು ಕಲಿಯಬೇಕು, ಇಲ್ಲವೇ ಎಡಗಣ್ಣಿನ ಮುಂದೆ ಪುಟ್ಟ ಮರೆ ಕಟ್ಟಿಕೊಂಡು ಬಲಗಣ್ಣನ್ನು ಪಳಗಿಸಬೇಕು. ಯಾವುದೆಂದು ತರಬೇತುದಾರರು ನೋಡಿ ಹೇಳಬೇಕು. ಅದು ಗೊತ್ತಾಗುವ ಮೊದಲೇ ಬಲಗೆನ್ನೆಗೆ ಕೆತ್ತಿದ ಹಿಡಿಯ ರೈಫಲ್ಲನ್ನು ಕೊಂಡು ತಂದರೆ ಏನು ಮಾಡುವುದು?

‘ದುರ್ಬೀನು ಹಾಕಿಸಿದ್ರೆ ಸರಿಹೋಗಲ್ವಾ?’ ಎಂದ ಅಪ್ಪ. ಪಂದ್ಯದ ರೈಫಲ್ಲಿಗೆ ದುರ್ಬೀನು ನಿಷಿದ್ಧ. ಹಿಂದೊಂದು ಸಣ್ಣ ರಂಧ್ರ, ಮುಂದೊಂದು ಉಂಗುರ, ಅದರಾಚೆ ಹತ್ತು ಮೀಟರ್ ದೂರದಲ್ಲಿ ಕರಿಯ ವೃತ್ತ. ಹತ್ತು ಅಂಕ ಕೊಡುವ ನಡುವಿನ ಚುಕ್ಕೆ ಅರ್ಧ ಮಿಲಿಮೀಟರ್. ಪೆನ್ನಿನ ಮೊನೆ ಒತ್ತಿ ತೋರಿಸಿದೆ. ಅಭಿನವ್ ಬಿಂದ್ರಾ 2008ರ ಬೀಜಿಂಗ್ ಫೈನಲ್ಲಿನ ಕೊನೆಯ ಗುಂಡಿಗೆ 10.8 ಪಡೆದದ್ದು ಈ ಚುಕ್ಕೆಯ ಮೇಲೆ.

ಸರಿ, ಎಲ್ಲಿ ಅಭ್ಯಾಸ ಮಾಡುವುದು? ಅಪ್ಪನ ಹತ್ತಿರ ಉತ್ತರ ಸಿದ್ಧವಿತ್ತು: ತೆಂಗಿನ ಮರಕ್ಕೆ ಟಾರ್ಗೆಟ್ ಹೊಡೆದರಾಯಿತು, ಇಲ್ಲದಿದ್ದರೆ ಅಜ್ಜಂಪುರದ ಕಡೆ ಕಾವಲು ಇದೆಯಲ್ಲ, ದನ ಮೇಯುವ ಬಟಾಬಯಲು. ಎರಡಕ್ಕೂ ಬೇಡ ಅಂದೆ. ಗಟ್ಟಿ ಮರಕ್ಕೆ ಓರೆಯಾಗಿ ಬಡಿದ ಗುಂಡು ಎತ್ತ ಸಿಡಿಯುತ್ತದೋ ಹೇಳಲಾಗದು. ಕಾವಲಂತೂ ಖಾಲಿಯಲ್ಲ. ದನ, ದನ ಕಾಯುವವರು, ಕುರಿ ಮಂದೆ, ಮುಳ್ಳುಪೊದೆಯ ಹಿಂದೆ ಕೂತ ಮುದುಕ. ಕಡೂರು ತಾಲ್ಲೂಕಿನ ಬಾಸೂರು ಅಮೃತಮಹಲ್ ಕಾವಲನ್ನು 2011ರಲ್ಲೇ ಕೃಷ್ಣಮೃಗಗಳಿಗಾಗಿ ಸಂರಕ್ಷಣಾ ಮೀಸಲು ಎಂದು ಘೋಷಿಸಿದ್ದಾರೆ. ಅಲ್ಲಿ ಬಂದೂಕು ಹೆಗಲಿಗೇರಿಸಿಕೊಂಡು ಹೋದವನು ಕಾಗದದ ಗುರಿಗೆ ಎಂದರೆ ನಂಬುವ ಗಾರ್ಡ್ ಇನ್ನೂ ಹುಟ್ಟಿಲ್ಲ. ಪಾಯಿಂಟ್ ಟೂ ಟೂ ಗುಂಡಾದರೆ ಒಂದು ಕಿಲೋಮೀಟರ್ ದಾಟಿಯೂ ಹೋಗಿ ಬೀಳುತ್ತದೆ, ಟಪ್ ಎಂಬ ಸದ್ದು ಕೇಳಿ ಅದನ್ನು ಆಟಿಕೆ ಎಂದುಕೊಂಡವರಿಗೆ ಇದು ತಿಳಿದಿರುವುದಿಲ್ಲ.

ಏರ್‌ರೈಫಲ್ಲಿಗೆ ಬೇಕಾದ್ದು ಹತ್ತು ಮೀಟರ್, ಮೂವತ್ತಮೂರು ಅಡಿ. ಅಡಿಕೆ ಗೋದಾಮಿನ ಉದ್ದವೇ ಅಷ್ಟಿದೆ. ಆಚೆ ತುದಿಗೆ ಕಿಟಕಿ ಬಾಗಿಲು ಇರಬಾರದು. ಟಾರ್ಗೆಟ್ಟಿನ ಹಿಂದೆ ಓರೆ ತಗಡಿನ ಕಬ್ಬಿಣದ ಡಬ್ಬ, ಅದರ ಹಿಂದೆ ಮರಳು ತುಂಬಿದ ಗೋಣಿಚೀಲ. ಹೊಡೆಯುವವರ ಹಿಂದೆ ಬಿಟ್ಟರೆ ಬೇರೆಲ್ಲೂ ಯಾರೂ ಇರಕೂಡದು. ಆದ ಮೇಲೆ ಸೋಪು ಹಾಕಿ ಕೈ ತೊಳೆಯಬೇಕು, ಅದು ಸೀಸ. ರೈಫಲ್ ಬೀರುವಿನಲ್ಲಿ, ಬೀಗದ ಕೈ ಅಮ್ಮನ ಹತ್ತಿರ. ಅಪ್ಪನ ಹತ್ತಿರವೇಕೆ ಬೇಡ ಎಂದು ಅವನು ಕೇಳಲಿಲ್ಲ. ಹಕ್ಕಿ, ಅಳಿಲು, ಕೋತಿ ಎಂದು ಒಂದು ಸಲ ಗುರಿ ಇಟ್ಟರೂ ರೈಫಲ್ ಅಟ್ಟ ಸೇರಬೇಕು ಎಂದು ಮಗಳ ಎದುರೇ ಹೇಳಿದೆ. ಏರ್‌ಗನ್ನಿನ ಚಿಕ್ಕ ಗುಂಡಿಗೆ ಕಣ್ಣು ಕಳೆದುಕೊಂಡ ಮಕ್ಕಳಿದ್ದಾರೆ.

ಆಯುಧಪೂಜೆಯ ಬಗ್ಗೆ ಒಂದು ಮಾತು. ನಮ್ಮಲ್ಲಿ ಕುಡುಗೋಲಿನಿಂದ ಹಿಡಿದು ಟ್ರ್ಯಾಕ್ಟರಿನವರೆಗೆ ಎಲ್ಲಕ್ಕೂ ಪೂಜೆಯಾಗುತ್ತದೆ, ರೈಫಲ್ಲಿಗೂ ಆಗಲಿ. ಕುಂಕುಮ ಮಾತ್ರ ಹಿಡಿಗೆ ಹಚ್ಚಿ. ಭಕ್ತಿ ಜಾಸ್ತಿಯಾಗಿ ಹಿಂದಿನ ರಂಧ್ರಕ್ಕೂ ನಳಿಗೆಯ ಬಾಯಿಗೂ ವಿಭೂತಿ ಮೆತ್ತಿದ ಬಂದೂಕನ್ನು ಒರೆಸಲು ನನ್ನ ಹತ್ತಿರ ತಂದವರಿದ್ದಾರೆ.

ಇಷ್ಟೆಲ್ಲ ಆದ ಮೇಲೆ ನಾನು ಕೊಟ್ಟ ಸಲಹೆ ಕೇಳಿ ಅಪ್ಪನಿಗೆ ನಿರಾಸೆಯಾಯಿತು. ಈಗ ಏನೂ ಕೊಳ್ಳಬೇಡ ಎಂದೆ. ಬೆಂಗಳೂರಿನಲ್ಲಿ ಚಿಕ್ಕಮ್ಮನ ಮನೆಯಿದೆ, ರಜೆಯಲ್ಲಿ ಅಲ್ಲಿಗೆ ಕಳಿಸು. ರಾಜ್ಯ ರೈಫಲ್ ಅಸೋಸಿಯೇಷನ್ನಿನ ಬಗ್ಗೆ ವಿಚಾರಿಸಿ ಒಂದು ಕ್ಲಬ್ಬಿಗೆ ಸೇರಿಸು. ಕ್ಲಬ್ಬಿನ ರೈಫಲ್ ಹಿಡಿದು ನಿಲ್ಲಲು ಕಲಿಯಲಿ, ಎಡವೋ ಬಲವೋ ಇತ್ಯರ್ಥವಾಗಲಿ. ಮನೆಯಲ್ಲಿ ದಿನಾ ಸ್ವಲ್ಪ ಹೊತ್ತು ಖಾಲಿ ಅಭ್ಯಾಸ ಸಾಕು ಎಂದು ಗೋಡೆಯ ಮೇಲೊಂದು ಚುಕ್ಕೆ ಇಟ್ಟು ತೋರಿಸಿದೆ. ನನ್ನ ಹಳೆಯ ರೈಫಲ್ಲನ್ನೇ, ಗುಂಡಿಲ್ಲವೆಂದು ಇಬ್ಬರೂ ನೋಡಿಕೊಂಡ ಮೇಲೆ, ಅವಳ ಎಡಹೆಗಲಿಗೆ ಕೊಟ್ಟು, ನಳಿಗೆಯ ತುದಿಯ ಮೇಲೆ ಒಂದು ರೂಪಾಯಿ ನಾಣ್ಯ ನಿಲ್ಲಿಸಿದೆ. ನಾಣ್ಯ ಬೀಳದ ಹಾಗೆ ಕುದುರೆ ಎಳೆಯಬೇಕು. ಮೊದಲು ಉಸಿರು ಅರ್ಧ ಬಿಡು, ತಡೆ, ಬೆರಳು ಮಾತ್ರ ಆಡಲಿ. ನಾಣ್ಯ ಟಣ್ಣನೆ ಉರುಳಿ ಸೋಫಾದ ಕೆಳಗೆ ಹೋಯಿತು. ಹೆಕ್ಕಿ ತಂದು ಮತ್ತೆ ಇಟ್ಟಳು. ಅಪ್ಪ ಕಾಫಿ ಮುಗಿಸಿ, ಅಡಿಕೆ ರೇಟಿನ ಮಾತಾಡಿ, ಇನ್ನೊಂದು ಸಲ ಕಾಫಿ ಕುಡಿದರೂ ಅವಳು ನಿಲ್ಲಿಸಲಿಲ್ಲ. ಹೊರಡುವ ಹೊತ್ತಿಗೆ ನಾಣ್ಯ ನಿಂತಿತ್ತು.

ಪಾಯಿಂಟ್ ಟೂ ಟೂ ಓಡಿಹೋಗುವುದಿಲ್ಲ. ಏರ್‌ರೈಫಲ್ಲಿನಲ್ಲಿ ಎರಡು ಮೂರು ವರ್ಷ ಪಳಗಿ, ರಾಜ್ಯ ಮಟ್ಟದಲ್ಲಿ ಒಂದು ಅಂಕಪಟ್ಟಿ ಕೈಗೆ ಬಂದ ಮೇಲೆ, ಕ್ಲಬ್ಬಿನವರೇ ದಾರಿ ಹೇಳುತ್ತಾರೆ. ಹುಡುಗಿ ಈಗ ರಜೆ ಬಂತೆಂದರೆ ಬೀರೂರಿನಲ್ಲಿ ರೈಲು ಹತ್ತುತ್ತಾಳೆ. ಅವಳಪ್ಪನ ಎಕರೆ ಇನ್ನೂ ಅವನ ಹೆಸರಿನಲ್ಲೇ ಇದೆ.

ನನ್ನ ಬೇಡಿಕೆ ಇರುವುದು ಕಡೂರು, ತರೀಕೆರೆ, ಅಜ್ಜಂಪುರದ ಶಾಲಾ ಕಮಿಟಿಯವರಿಗೆ, ಹಳೆಯ ವಿದ್ಯಾರ್ಥಿ ಸಂಘದವರಿಗೆ. ಮುರಿದ ಬೆಂಚು ತುಂಬಿಟ್ಟ ಒಂದು ಕೋಣೆ ಎಲ್ಲ ಶಾಲೆಯಲ್ಲೂ ಇದೆ. ಮೂವತ್ತಮೂರು ಅಡಿಗಿಂತ ಸ್ವಲ್ಪ ಉದ್ದವಿರುವ ಅಂಥ ಒಂದು ಕೋಣೆ ಖಾಲಿ ಮಾಡಿಸಿ. ಶಾಲೆಗೆ ಒಂದು ಬಲಗೈಯ, ಒಂದು ಎಡಗೈಯ ಏರ್‌ರೈಫಲ್ ಕೊಡಿಸಿ, ಬೀಗವಿರುವ ಬೀರು ಕೊಡಿಸಿ, ಕಲಿತ ಒಬ್ಬರನ್ನು ವಾರಕ್ಕೆರಡು ದಿನ ಕರೆಸಿ. ಪ್ರತಿ ಅಪ್ಪನೂ ತನ್ನ ಮಗುವಿಗೊಂದು ಕೋವಿ ಹುಡುಕಿಕೊಂಡು ಅಲೆಯುವುದು ಅಷ್ಟರಿಂದ ತಪ್ಪುತ್ತದೆ. ಮರಳಿನ ಚೀಲ ನಾನು ತುಂಬಿಸಿಕೊಡುತ್ತೇನೆ.